ಮೃತ್ಯುಪತ್ರದಲ್ಲಿ ಬಿಟ್ಟುಹೋದ ಪದ

ಬೆಳಗಾವಿ ಸೀಮೆಯ ಒಂದು ಮನೆತನದವರು 2003ರಲ್ಲಿ ನಮ್ಮಲ್ಲಿಗೆ ಒಂದು ಹಳೆಯ ಮೃತ್ಯುಪತ್ರವನ್ನು ತಂದಿದ್ದರು. 1946ರದು, ಭಾಷೆ ಮರಾಠಿ, ಲಿಪಿ ಮೋಡಿ. ಮಠದ ದಫ್ತರಗಳನ್ನು ಓದುವ ನಿಮಿತ್ತ ನಾವು ಎಳೆಯ ವಯಸ್ಸಿನಲ್ಲಿಯೇ ಮೋಡಿ ಕಲಿತವರಾದ್ದರಿಂದ ಇಂಥ ಕಾಗದಗಳು ನಮ್ಮ ಬಳಿಗೆ ಬರುತ್ತಿರುತ್ತವೆ.

ಪತ್ರ ಬರೆಸಿದವರು ತಮ್ಮ ಸ್ವಯಾರ್ಜಿತವಾದ ನಾಲ್ಕು ಎಕರೆ ಹೊಲವನ್ನು ಪತ್ನಿಗೆ ಆಕೆಯ ಹಯಾತಿ ಇರುವತನಕ ಕೊಟ್ಟು, ತರುವಾಯ ಅದು ತಮ್ಮ ಅಣ್ಣನ ಮಕ್ಕಳಿಗೆ ಸೇರತಕ್ಕದ್ದೆಂದು ಹೇಳಿದ್ದರು. ಆ ತಾಯಿ 1994ರಲ್ಲಿ ಲಿಂಗೈಕ್ಯರಾದರು. ಅಣ್ಣನ ಮಕ್ಕಳು ಹೊಲವನ್ನು ಹಿಡಿದರು. ಇದ್ದೊಬ್ಬ ಮಗಳಿಗೆ ತವರಿನ ಬಾಗಿಲು ಮುಚ್ಚಿತು.

1956ರ ಹಿಂದೂ ಉತ್ತರಾಧಿಕಾರ ಕಾಯಿದೆ ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. ಅದರ 14ನೆಯ ಕಲಮಿನ ಪ್ರಕಾರ ಸ್ತ್ರೀಯ ಸ್ವಾಧೀನದಲ್ಲಿರುವ ಆಸ್ತಿಗೆ ಆಕೆಯೇ ಪೂರ್ಣ ಒಡತಿ. ಆದರೆ ಮೃತ್ಯುಪತ್ರವೇ ಸೀಮಿತ ಹಕ್ಕನ್ನು ಕೊಟ್ಟಿದ್ದರೆ ಅದು ಸೀಮಿತವಾಗಿಯೇ ಉಳಿಯುತ್ತದೆಂದು ಅದೇ ಕಲಮಿನ ಎರಡನೆಯ ಭಾಗ ಹೇಳುತ್ತದೆ. ಅಣ್ಣನ ಮಕ್ಕಳ ವಾದವೆಲ್ಲ ಇದರ ಮೇಲೆ ನಿಂತಿತ್ತು. ಸಾಲದುದಕ್ಕೆ, 1951ರ ಖಾನೇಸುಮಾರಿಯಲ್ಲಿ ಆ ತಾಯಿಯನ್ನು ಭಾವನ ಮನೆಯಲ್ಲಿಯೇ ಬರೆದುಕೊಂಡಿದ್ದರು, ಅದನ್ನು ತೆಗೆಸಿದರೆ ಹೊಲ ಆಕೆಯ ಸ್ವಾಧೀನದಲ್ಲಿರಲಿಲ್ಲವೆಂಬುದು ಸಿದ್ಧವಾಗುತ್ತದೆಂದು ಹಿರಿಯ ಮಗ ಹಟ ಹಿಡಿದಿದ್ದರು. ಇಂಗ್ಲೆಂಡಿನಲ್ಲಿ ನೂರು ವರ್ಷ ಕಳೆದ ಮೇಲೆ ಮನೆಮನೆಯ ಗಣತಿಯ ಹಾಳೆ ಯಾರಿಗಾದರೂ ಸಿಗುತ್ತದೆ. 1921ರದನ್ನು 2022ರಲ್ಲಿ ತೆರೆದರು. ನಮ್ಮಲ್ಲಿ ಹಾಗಿಲ್ಲ. 1948ರ ಜನಗಣತಿ ಕಾಯಿದೆಯ 15ನೆಯ ಕಲಮಿನಂತೆ ಆ ದಾಖಲೆಯನ್ನು ನೋಡುವ ಹಕ್ಕು ಯಾರಿಗೂ ಇಲ್ಲ, ದಿವಾಣಿ ದಾವೆಯಲ್ಲಿ ಅದು ಸಾಕ್ಷ್ಯವೂ ಆಗದು. ಪಹಣಿ, ಫೇರಫಾರ, ಕಂದಾಯದ ರಸೀದಿಗಳನ್ನೇ ಹುಡುಕಬೇಕು. ರಸೀದಿಗಳನ್ನು ಆ ತಾಯಿ ಟ್ರಂಕಿನಲ್ಲಿ ಜೋಪಾನ ಮಾಡಿದ್ದರು, ಎಲ್ಲವೂ ಆಕೆಯ ಹೆಸರಿನವು.

ಇಷ್ಟಾದರೂ ಹಯಾತಿಯ ಮಾತು ಉಳಿದೇ ಇತ್ತು. ಎರಡೂ ಕಡೆಯವರು ಅಷ್ಟು ವರ್ಷ ಓದಿಕೊಂಡು ಬಂದದ್ದು ಯಾರೋ ಮಾಡಿಕೊಟ್ಟ ಕನ್ನಡ ನಕಲನ್ನು. ನಾವು ಮೂಲವನ್ನು ಬೆಳಕಿಗೆ ಹಿಡಿದು ಓದಿದಾಗ, ಮಡಿಕೆ ಬಿದ್ದ ಸಾಲಿನಲ್ಲಿ ನಕಲಿನಲ್ಲಿಲ್ಲದ ಒಂದು ಪದ ಕಂಡಿತು: 'ಅನ್ನವಸ್ತ್ರ'. ಹೊಲವನ್ನು ಪತ್ನಿಯ ಅನ್ನವಸ್ತ್ರಕ್ಕಾಗಿ ಕೊಟ್ಟಿತ್ತು. ಅನ್ನವಸ್ತ್ರವೆಂದರೆ ಜೀವನಾಂಶ, ಗಂಡನ ಆಸ್ತಿಯಲ್ಲಿ ಪತ್ನಿಗೆ ಮೊದಲಿನಿಂದಲೂ ಇರುವ ಹಕ್ಕು. ಆ ಹಕ್ಕಿಗೆ ಬದಲಾಗಿ ಬಂದ ಆಸ್ತಿ, ಪತ್ರದಲ್ಲಿ ಏನೇ ಕಟ್ಟು ಹಾಕಿದ್ದರೂ, ಸ್ತ್ರೀಗೆ ಪೂರ್ಣ ಸ್ವಂತವಾಗುತ್ತದೆಂದು ತುಳಸಮ್ಮನವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1977ರಲ್ಲಿಯೇ ತೀರ್ಪಿತ್ತಿದೆ. ತಾಯಿಯ ಸ್ವಂತವಾದರೆ ಮುಂದೆ ಮಗಳದು. ನಕಲು ಮಾಡಿದವರು ಪದವನ್ನು ಬೇಕೆಂದೇ ಬಿಟ್ಟರೋ, ಮಡಿಕೆಯಲ್ಲಿ ಕಾಣದೆ ಹೋಯಿತೋ, ನಾವು ವಿಚಾರಿಸಲಿಲ್ಲ.

ಹಿರಿಯ ಮಗ ಆ ಸಾಲನ್ನು ನಮ್ಮಿಂದ ಎರಡು ಸಲ ಓದಿಸಿದರು. ಬಹಳ ಹೊತ್ತು ಸುಮ್ಮನೆ ಕುಳಿತು, ಆಮೇಲೆ ಚಿಕ್ಕಪ್ಪನ ಮಗಳ ಕಡೆ ತಿರುಗಿ, "ತಂಗೀ, ಈ ಮುಂಗಾರಿಗೆ ಹೊಲಾ ನೀನ ಬಿತ್ತಸವಾ" ಎಂದರು.