ಬಟನ್ ಒತ್ತುವ ಬೆರಳು, ಫೋನ್ ವಾಲಿಸುವ ಕೈ

ಬೈಲಹೊಂಗಲದಿಂದ ಸವದತ್ತಿಗೆ ಹೊರಟ ಬಸ್ಸಿನಲ್ಲಿ ಕೂತ ಕಾಲೇಜು ಹುಡುಗರ ಫೋನಿನೊಳಗೆ ಎಷ್ಟೋ ಸಲ ಇನ್ನೊಂದು ಬಸ್ಸು ಓಡುತ್ತಿರುತ್ತದೆ. ‘ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ’ ಎಂಬ ಈ ಆಟ ಹೊರಬಂದದ್ದು 2017ರಲ್ಲಿ. ಬಸ್ಸಿಗೆ ತಮಗೆ ಬೇಕಾದ ಬಣ್ಣ ಹಚ್ಚಿಕೊಳ್ಳಲು ಅದರಲ್ಲಿ ಅವಕಾಶವಿದೆ. ಹಾಗಾಗಿ ಕರ್ನಾಟಕದ ಅಭಿಮಾನಿಗಳು ಅದಕ್ಕೆ ನಮ್ಮ ಸಾರಿಗೆ ಬಸ್ಸುಗಳ ರೂಪ ಕೊಟ್ಟು ಒಬ್ಬರಿಗೊಬ್ಬರು ಹಂಚಿಕೊಂಡಿದ್ದಾರೆ. ಬಸ್ಸನ್ನು ತಿರುಗಿಸುವ ದಾರಿ ಮೂರು: ಪರದೆಯ ಮೇಲಿನ ಎಡ-ಬಲದ ಬಟನ್, ಬೆರಳಲ್ಲಿ ಎಳೆಯುವ ಸ್ಟೇರಿಂಗ್, ಇಲ್ಲವೇ ಫೋನನ್ನೇ ಅತ್ತಿತ್ತ ವಾಲಿಸುವುದು. ಮೂರನೆಯದು ಕೈಗೆ ಎಲ್ಲಕ್ಕಿಂತ ಸಹಜ ಅನ್ನಿಸುತ್ತದೆ. ಆದರೆ ಕೂತ ಬಸ್ಸು ತಿರುವಿನಲ್ಲಿ ಹೊರಳಿದರೆ, ತಗ್ಗಿಗೆ ಇಳಿದರೆ, ಫೋನಿನೊಳಗಿನ ಬಸ್ಸೂ ರಸ್ತೆ ಬಿಡುತ್ತದೆ. ಅಲುಗಿದ್ದು ಆಡುವವನ ಕೈಯೋ ಅವನು ಕೂತ ಗಾಡಿಯೋ ಎಂಬುದು ಫೋನಿನ ಸೆನ್ಸರಿಗೆ ತಿಳಿಯುವುದಿಲ್ಲ. ಬಟನ್ ಆರಿಸಿಕೊಂಡವನಿಗೆ ಈ ಕಾಟವಿಲ್ಲ.

ಕೈ ಆಡಿಸಿ ಆಡುವುದು ಮೇಲೋ, ಬಟನ್ ಒತ್ತಿ ಆಡುವುದು ಮೇಲೋ ಎಂಬ ವಾದ ವಿಡಿಯೊ ಗೇಮ್ ಲೋಕದಲ್ಲಿ ಸುಮಾರು ಇಪ್ಪತ್ತು ವರ್ಷದಿಂದ ಜೋರಾಗಿ ನಡೆದಿದೆ. ಅದು ಬೆಳೆದದ್ದು ಶ್ರೀಮಂತ ದೇಶಗಳ ಟಿವಿ ಮುಂದೆ. ಕಿತ್ತೂರು, ರಾಮದುರ್ಗದಂಥ ಊರುಗಳಿಗೆ ಅದು ಬಂದದ್ದು ಮೊಬೈಲಿನ ಮೂಲಕ. ಇಲ್ಲಿ ಅದರ ತೀರ್ಮಾನ ಬಹುಮಟ್ಟಿಗೆ ಮೊಬೈಲ್ ಅಂಗಡಿಯಲ್ಲೇ, ಫೋನಿನ ಬೆಲೆಯ ಮೇಲೆ ಆಗಿಬಿಡುತ್ತದೆ. ಈ ಮಾತನ್ನು ಯಾರೂ ಗಟ್ಟಿಯಾಗಿ ಆಡುತ್ತಿಲ್ಲ.

ವಾದ ಜೋರಾದದ್ದು ಹೀಗೆ. 2006ರ ನವೆಂಬರ್‌ನಲ್ಲಿ ನಿಂಟೆಂಡೊ ಕಂಪನಿ ಅಮೆರಿಕದಲ್ಲಿ ‘ವೀ’ ಎಂಬ ವಿಡಿಯೊ ಗೇಮ್ ಯಂತ್ರ ಬಿಡುಗಡೆ ಮಾಡಿತು. ಟಿವಿ ರಿಮೋಟಿನಂಥ ಸಾಧನವನ್ನು ಹಿಡಿದು ಬೀಸಿದರೆ ಪರದೆಯ ಮೇಲೆ ಟೆನಿಸ್ ರ‍್ಯಾಕೆಟ್ ಬೀಸುತ್ತಿತ್ತು. ಬಟನ್ನುಗಳ ಗೊಂದಲಕ್ಕೆ ಅಂಜಿ ದೂರವಿದ್ದ ಅಜ್ಜ, ಅಜ್ಜಿಯರೂ ಎದ್ದು ನಿಂತು ಆಡಿದರು. ಕೊನೆಗೆ ಹತ್ತು ಕೋಟಿಗೂ ಹೆಚ್ಚು ಯಂತ್ರಗಳು ಮಾರಾಟವಾದವು. ಬೀಸುವ ಭರದಲ್ಲಿ ದಾರ ಹರಿದು ರಿಮೋಟು ಹಾರಿಹೋಗುತ್ತಿದ್ದುದರಿಂದ ಅದೇ ವರ್ಷದ ಡಿಸೆಂಬರ್‌ನಲ್ಲಿ ಕಂಪನಿ ಮಣಿಕಟ್ಟಿನ ದಾರಗಳನ್ನು ಉಚಿತವಾಗಿ ಬದಲಿಸಿಕೊಡಬೇಕಾಯಿತು.

ಅದೇ ನವೆಂಬರ್‌ನಲ್ಲಿ ಬಂದ ಇನ್ನೊಂದು ಆಟ ಇಎ ಸ್ಪೋರ್ಟ್ಸ್‌ನ ‘ಕ್ರಿಕೆಟ್ 07’. ಭಾರತದ ಸಣ್ಣ ಊರುಗಳ ಪಾಲಿಗೆ ಆ ತಿಂಗಳ ದೊಡ್ಡ ಸುದ್ದಿ ಇದೇ. ಇಂಟರ್ನೆಟ್ ಬೇಡ, ಹಳೆಯ ಕಂಪ್ಯೂಟರ್ ಸಾಕು, ಕೀಬೋರ್ಡಿನ ಬಾಣದ ಗುರುತಿನ ಬಟನ್ನುಗಳ ಜೊತೆಗೆ ಕೆಲವು ಅಕ್ಷರಗಳು ಗೊತ್ತಿದ್ದರೆ ಮುಗಿಯಿತು. ಆ ಕಂಪನಿ ಆಮೇಲೆ ಅಂಥ ಇನ್ನೊಂದು ಕ್ರಿಕೆಟ್ ಆಟ ತರಲಿಲ್ಲ. ಆದರೂ ಅಭಿಮಾನಿಗಳು ಹೊಸ ಆಟಗಾರರನ್ನು, ಐಪಿಎಲ್ ತಂಡಗಳ ಜೆರ್ಸಿಗಳನ್ನು ತಾವೇ ಸೇರಿಸಿಕೊಂಡು ವರ್ಷಗಟ್ಟಲೆ ಆಡಿದರು. ಬ್ಯಾಟನ್ನು ಹಿಡಿಯದೆ, ತೋಳನ್ನು ಎತ್ತದೆ ಕ್ರಿಕೆಟ್ಟಿನ ಸುಖ ಸಿಕ್ಕಿದ್ದು ಹೇಗೆ? ಬ್ಯಾಟಿಂಗಿನ ಜೀವ ಇರುವುದು ಟೈಮಿಂಗಿನಲ್ಲಿ. ಚೆಂಡು ಯಾವ ಕ್ಷಣಕ್ಕೆ ಬ್ಯಾಟಿಗೆ ಸಿಗಬೇಕು ಎಂಬ ಲೆಕ್ಕವನ್ನು ಒಂದು ಬಟನ್ ಚೆನ್ನಾಗಿ ಹಿಡಿದಿಡುತ್ತದೆ. ಒತ್ತಿದ್ದು ಒತ್ತಿದಂತೆ, ಬಿಟ್ಟದ್ದು ಬಿಟ್ಟಂತೆ. ನಡುವೆ ಅನುಮಾನಕ್ಕೆ ಎಡೆಯಿಲ್ಲ.

ಬೀಸುವ ಆಟಗಳಿಗೆ ಈ ಖಚಿತತೆ ಸುಲಭಕ್ಕೆ ಸಿಗಲಿಲ್ಲ. ವೀಯಲ್ಲಿ ಟೆನಿಸ್ ಆಡಿದವರು ಬೇಗನೇ ಒಂದು ಸಂಗತಿ ಕಂಡುಕೊಂಡರು: ತೋಳು ಪೂರ್ತಿ ಬೀಸಬೇಕಾಗಿಲ್ಲ, ಸೋಫಾದಲ್ಲಿ ಒರಗಿ ಮಣಿಕಟ್ಟು ಕೊಡವಿದರೆ ಸಾಕು. ರಿಮೋಟಿನಲ್ಲಿದ್ದ ಆಕ್ಸೆಲರೊಮೀಟರ್ ವೇಗದ ಬದಲಾವಣೆಯನ್ನಷ್ಟೇ ಅಳೆಯುತ್ತಿತ್ತು. ತೋಳೋ ಮಣಿಕಟ್ಟೋ ಅದಕ್ಕೆ ಭೇದವಿರಲಿಲ್ಲ. ತಿರುಗುವಿಕೆಯನ್ನೂ ಅಳೆಯಲೆಂದು 2009ರಲ್ಲಿ ನಿಂಟೆಂಡೊ ಜೈರೊಸ್ಕೋಪ್ ಇರುವ ಇನ್ನೊಂದು ತುಂಡು ಸೇರಿಸಿತು. ಅದನ್ನೇ ನಂಬಿ 2011ರಲ್ಲಿ ಬಂದ ‘ಜೆಲ್ಡಾ: ಸ್ಕೈವರ್ಡ್ ಸ್ವೋರ್ಡ್’ ಆಟದಲ್ಲಿ ಕತ್ತಿ ಬೀಸಬೇಕಾದರೆ ಕೈಯನ್ನೇ ಬೀಸಬೇಕಿತ್ತು, ಬೇರೆ ದಾರಿ ಇರಲಿಲ್ಲ. ಹತ್ತು ವರ್ಷದ ನಂತರ, 2021ರಲ್ಲಿ, ಅದೇ ಆಟವನ್ನು ತನ್ನ ‘ಸ್ವಿಚ್’ ಎಂಬ ಯಂತ್ರಕ್ಕೆ ತಂದಾಗ ಕಂಪನಿ ಬಟನ್ನಿನಲ್ಲೂ ಆಡುವ ವ್ಯವಸ್ಥೆ ಮಾಡಿತು. ಬೀಸಿ ಆಡುವುದನ್ನು ಕಿತ್ತುಹಾಕಲಿಲ್ಲ, ಆಯ್ಕೆ ಕೊಟ್ಟಿತು. ಇಡೀ ವಾದದಲ್ಲಿ ಇದಕ್ಕಿಂತ ವಿವೇಕದ ನಡೆ ಇನ್ನೊಂದಿಲ್ಲ.

ಮೈಕ್ರೊಸಾಫ್ಟ್ ಹಿಡಿದದ್ದು ಬೇರೆ ದಾರಿ. 2010ರ ನವೆಂಬರ್‌ನಲ್ಲಿ ಬಂದ ಅದರ ‘ಕೈನೆಕ್ಟ್’ ಕ್ಯಾಮೆರಾಕ್ಕೆ ಕೈಯಲ್ಲಿ ಏನೂ ಹಿಡಿಯಬೇಕಿರಲಿಲ್ಲ, ಮೈಯೇ ರಿಮೋಟು. ಮೊದಲ 60 ದಿನಗಳಲ್ಲಿ 80 ಲಕ್ಷ ಮಾರಾಟವಾಗಿ ಗಿನ್ನೆಸ್ ದಾಖಲೆ ಸೇರಿತು. ಆದರೆ ಆಡುವವರು ಅದರಿಂದ ಆರು ಅಡಿಯಷ್ಟು ದೂರ ನಿಲ್ಲಬೇಕು, ಸುತ್ತ ಕೈಕಾಲು ಚಾಚಲು ಜಾಗ ಬೇಕು. ಪಡಸಾಲೆಯ ಅರ್ಧವನ್ನು ಮಗ್ಗವೇ ತುಂಬಿಕೊಂಡಿರುವ ರಾಮದುರ್ಗದ ನೇಕಾರರ ಮನೆಯಲ್ಲಿ ಆ ಆರು ಅಡಿ ಎಲ್ಲಿಂದ ಬರಬೇಕು? ಜಾಗ ಸಾಲದ ಮಾತು ಹೊರದೇಶದ ನಗರಗಳಲ್ಲೂ ಕೇಳಿಬಂತು. 2013ರಲ್ಲಿ ತನ್ನ ಹೊಸ ಗೇಮ್ ಯಂತ್ರ ಎಕ್ಸ್‌ಬಾಕ್ಸ್ ಒನ್ ಕೊಂಡವರೆಲ್ಲ ಕೈನೆಕ್ಟನ್ನೂ ಕೊಳ್ಳಲೇಬೇಕೆಂದು ಕಂಪನಿ ಕಟ್ಟುಮಾಡಿತು. ಮರುವರ್ಷವೇ ಅದನ್ನು ಬಿಟ್ಟು ಯಂತ್ರವನ್ನಷ್ಟೇ ಕಡಿಮೆ ಬೆಲೆಗೆ ಮಾರಲು ಶುರುಮಾಡಿತು. 2017ರಲ್ಲಿ ಕೈನೆಕ್ಟ್ ತಯಾರಿಕೆಯೇ ನಿಂತಿತು. ಬಲವಂತ ಮಾಡಿದ್ದಕ್ಕೆ ತೆತ್ತ ಬೆಲೆ ಅದು.

ಮೈಯಾಡಿಸುವ ಆಟದ ಪರ ತಂದೆತಾಯಂದಿರು ಹೇಳಬಹುದಾದ ಮಾತು ಒಂದಿದೆ: ಮಕ್ಕಳಿಗೆ ವ್ಯಾಯಾಮವಾದರೂ ಆಗುತ್ತದಲ್ಲ. ಇದನ್ನು ಅಳೆದು ನೋಡಿದವರಿದ್ದಾರೆ. ಲಿವರ್‌ಪೂಲ್‌ನ ಸಂಶೋಧಕರು 2007ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವೀಯಲ್ಲಿ ಆಡುವ ಹದಿಹರೆಯದವರು ಕೂತು ಆಡುವವರಿಗಿಂತ ಹೆಚ್ಚು ಶಕ್ತಿ ಖರ್ಚು ಮಾಡುತ್ತಾರೆ, ಆದರೆ ಅದು ನಿಜವಾದ ಕ್ರೀಡೆಗೆ ಸಮನಲ್ಲ. ಗರಡಿಯ ಮಣ್ಣು, ಕಬಡ್ಡಿಯ ಅಂಕಣ ಇನ್ನೂ ಉಳಿದಿರುವ ಈ ತಾಲೂಕುಗಳಿಗೆ ಆ ನೆಪದ ಅಗತ್ಯವೂ ಇಲ್ಲ. ನೋವಿನ ವಿಷಯದಲ್ಲಂತೂ ಎರಡೂ ಸಮ. ಬಟನ್ ಒತ್ತಿ ಹೆಬ್ಬೆರಳು ನೋಯಿಸಿಕೊಂಡ ಮಹಿಳೆಯೊಬ್ಬರ ಪ್ರಕರಣ 1990ರಲ್ಲೂ, ವೀ ಟೆನಿಸ್ ಆಡಿ ಭುಜ ಹಿಡಿಸಿಕೊಂಡ ವೈದ್ಯರ ಪ್ರಕರಣ 2007ರಲ್ಲೂ ಅಮೆರಿಕದ ಒಂದೇ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾದವು.

ಚಲನೆಯೇ ಆಟವಾದಾಗ ಮಾತ್ರ ಮೈಯಾಡಿಸುವುದು ಸಾರ್ಥಕ. 2023ರಲ್ಲಿ ಸಿಂಗಪುರದಲ್ಲಿ ನಡೆದ ಒಲಿಂಪಿಕ್ ಇ-ಸ್ಪೋರ್ಟ್ಸ್ ಸರಣಿಯಲ್ಲಿ ಟೇಕ್ವಾಂಡೊ ಆಟಗಾರರು ಮೈಗೆ ಸೆನ್ಸರ್ ಕಟ್ಟಿಕೊಂಡು, ಒಬ್ಬರನ್ನೊಬ್ಬರು ಮುಟ್ಟದೆ ಕಾದಾಡಿದರು. ಹೈದರಾಬಾದಿನ ಪ್ರೊಯುಗ ಸಂಸ್ಥೆಯ ‘ಐಬಿ ಕ್ರಿಕೆಟ್’ನಲ್ಲಿ ವಿಆರ್ ಹೆಡ್‌ಸೆಟ್ ಧರಿಸಿ ಬ್ಯಾಟಿನಾಕಾರದ ಕಂಟ್ರೋಲರ್ ಬೀಸಬೇಕು. ಅಲ್ಲಿ ಬಟನ್ ಕೊಟ್ಟರೆ ಆಟವೇ ಸತ್ತುಹೋಗುತ್ತದೆ. ಆದರೆ ಹೆಡ್‌ಸೆಟ್ಟಿನ ಬೆಲೆ ನೋಡಿದರೆ ಸವದತ್ತಿಯ ಓಣಿಗೆ ಅದು ಸದ್ಯಕ್ಕೆ ಬರುವ ವಸ್ತುವಲ್ಲ.

ಓಣಿಗೆ ಬಂದಿರುವುದು ಮೊಬೈಲ್. ಒಂದು ಕಾಲಕ್ಕೆ ಜಾತ್ರೆಯ ಆಟಿಕೆ ಅಂಗಡಿಗಳಲ್ಲಿ ಸಿಗುತ್ತಿದ್ದ ‘ಬ್ರಿಕ್ ಗೇಮ್’ನಲ್ಲಿ, ಟಿವಿಗೆ ಸಿಕ್ಕಿಸಿ ಮಾರಿಯೊ, ಕಾಂಟ್ರಾ ಆಡುತ್ತಿದ್ದ ಕ್ಯಾಸೆಟ್ ಗೇಮ್‌ಗಳಲ್ಲಿ ನಿಜವಾದ ಬಟನ್ ಇದ್ದವು. ಅವುಗಳಿಗೆ ಅಂಚಿತ್ತು, ಒತ್ತಿದರೆ ಇಳಿದು ಮತ್ತೆ ಮೇಲೇಳುತ್ತಿದ್ದವು. ನೋಡದೆಯೇ ಬೆರಳು ತನ್ನ ಜಾಗ ಹುಡುಕಿಕೊಳ್ಳುತ್ತಿತ್ತು. ಫೋನಿನ ಪರದೆಯ ಮೇಲಿರುವುದು ಬಟನ್ನಿನ ಚಿತ್ರ ಮಾತ್ರ. ನುಣುಪು ಗಾಜಿನ ಮೇಲೆ ಹೆಬ್ಬೆರಳು ಎಲ್ಲಿದೆ ಎಂದು ತಿಳಿಯಲು ಕಣ್ಣೇ ಬೇಕು. ಮೇಲಾಗಿ ಬೆರಳು ಪರದೆಯನ್ನು ಮುಚ್ಚುತ್ತದೆ. ಟಿವಿಯ ಕಾಲದಲ್ಲಿ ಬಟನ್ನಿನ ಪರವಾಗಿ ಹೇಳುತ್ತಿದ್ದ ಅರ್ಧ ಮಾತು ಗಾಜಿನ ಮೇಲೆ ನಿಲ್ಲುವುದಿಲ್ಲ.

ಈ ಕೊರತೆಯನ್ನು ತುಂಬಿದ್ದು ಜೈರೊಸ್ಕೋಪ್, ಆಟಗಾರರ ಬಾಯಲ್ಲಿ ಜೈರೊ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ಹೆಸರಿನಲ್ಲಿ ಭಾರತದಲ್ಲಿ ನಿಷೇಧವಾಗಿ, 2021ರ ಜುಲೈಯಲ್ಲಿ ಬಿಜಿಎಂಐ ಆಗಿ ಮರಳಿದ ಬಂದೂಕಿನ ಆಟವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದರಲ್ಲಿ ಗುಂಡು ಹಾರಿಸುತ್ತಿದ್ದಂತೆ ಬಂದೂಕಿನ ಮೂತಿ ಮೇಲೇಳುತ್ತದೆ. ಜೈರೊ ಇಲ್ಲದವರು ಹೆಬ್ಬೆರಳಿನಿಂದ ಪರದೆಯನ್ನು ಕೆಳಕ್ಕೆ ಎಳೆಯುತ್ತಲೇ ಇರಬೇಕು, ಫೈರ್ ಬಟನ್ನಿಗೆ ಇನ್ನೊಂದು ಬೆರಳು ಹುಡುಕಬೇಕು. ಜೈರೊ ಆನ್ ಇರುವವರು ಫೋನನ್ನೇ ಚೂರು ಬಾಗಿಸಿ ಮೂತಿಯನ್ನು ಹತೋಟಿಗೆ ತರುತ್ತಾರೆ; ಬೆರಳುಗಳು ಓಡಲು, ಹಾರಿಸಲು ಬಿಡುವಾಗಿರುತ್ತವೆ. ಬಟನ್ ತೀರ್ಮಾನ ಮಾಡುತ್ತದೆ, ಸಣ್ಣ ತಿದ್ದುಪಡಿಯನ್ನು ಮಣಿಕಟ್ಟು ಮಾಡುತ್ತದೆ. ಇಪ್ಪತ್ತು ವರ್ಷದ ವಾದಕ್ಕೆ ಸಿಕ್ಕ ಒಳ್ಳೆಯ ಉತ್ತರ ಇದು.

ತೊಡಕು ಇರುವುದು ಇಲ್ಲೇ. ವಾಲಿದ್ದನ್ನು ಗುರುತಿಸುವ ಆಕ್ಸೆಲರೊಮೀಟರ್ ಹೆಚ್ಚುಕಡಿಮೆ ಎಲ್ಲ ಸ್ಮಾರ್ಟ್‌ಫೋನಿನಲ್ಲೂ ಇದೆ. 2011ರ ‘ಟೆಂಪಲ್ ರನ್’ನಲ್ಲಿ ಫೋನ್ ವಾಲಿಸಿ ನಾಣ್ಯ ಬಾಚಿದ್ದು ಅದರ ಬಲದಿಂದಲೇ. ತಿರುಗುವ ವೇಗವನ್ನು ನಿಖರವಾಗಿ ಅಳೆಯುವ ಜೈರೊಸ್ಕೋಪ್ ಬೇರೆಯೇ ಭಾಗ. 2010ರಲ್ಲಿ ಐಫೋನ್ 4ರ ಮೂಲಕ ಅದು ಫೋನಿಗೆ ಬಂತು. ಅಗ್ಗದ ಫೋನುಗಳಲ್ಲಿ ಇಂದಿಗೂ ಹಲವು ಕಂಪನಿಗಳು ಅದನ್ನು ಕೈಬಿಡುತ್ತವೆ. ಕೆಲವು ‘ವರ್ಚುವಲ್ ಜೈರೊಸ್ಕೋಪ್’ ಎಂದು ಬರೆದು ಬೇರೆ ಸೆನ್ಸರುಗಳ ಲೆಕ್ಕದಿಂದ ಅಂದಾಜು ಮಾಡುತ್ತವೆ, ಅದು ನಿಜವಾದ ಚಿಪ್ಪಿನಷ್ಟು ಚುರುಕಲ್ಲ. ಅಂಗಡಿಯಲ್ಲಿ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಬ್ಯಾಟರಿ ಎಷ್ಟು, ರ‍್ಯಾಮ್ ಎಷ್ಟು ಎಂದು ಹೇಳುತ್ತಾರೆ. ಜೈರೊ ಇದೆಯೋ ಇಲ್ಲವೋ ಎಂಬುದು ಸ್ಪೆಸಿಫಿಕೇಶನ್ ಪಟ್ಟಿಯ ಕೊನೆಯಲ್ಲಿ ಎಲ್ಲೋ ಅಡಗಿರುತ್ತದೆ. ಹತ್ತಿ ಮಾರಿದ ಹಣದಲ್ಲಿ ಮಗನಿಗೆ ಫೋನ್ ಕೊಡಿಸಿದ ಬೈಲಹೊಂಗಲದ ರೈತ ಅದನ್ನು ಕೇಳಬೇಕೆಂದು ಯಾರು ಹೇಳಿದ್ದರು? ಹುಡುಗ ಸೋತಾಗ ಅದು ಕೈಚಳಕದ ಸೋಲೋ ಚಿಪ್ಪಿನ ಸೋಲೋ ಎಂದು ಅವನಿಗೇ ತಿಳಿಯುವುದಿಲ್ಲ.

ಇದನ್ನು ಹುಡುಗಾಟದ ಮಾತು ಎಂದು ತಳ್ಳಿಹಾಕುವಂತಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಪ್ರತ್ಯೇಕ ಮನ್ನಣೆ ಕೊಟ್ಟಿದೆ. ಕ್ರೀಡೆ ಎಂದು ಕರೆದ ಮೇಲೆ ಸಲಕರಣೆಯ ಸಮಾನತೆಯ ಪ್ರಶ್ನೆಯೂ ಜೊತೆಗೆ ಬರುತ್ತದೆ. ಕುಸ್ತಿ ಕಣದಲ್ಲಿ ತೂಕ ನೋಡಿ ಜೋಡಿ ಹಾಕುವ ನಾಡಿದು. ಒಬ್ಬನ ಕೈಯಲ್ಲಿ ಜೈರೊ ಇರುವ ಫೋನು, ಇನ್ನೊಬ್ಬನ ಕೈಯಲ್ಲಿ ಇಲ್ಲದ ಫೋನು ಕೊಟ್ಟು ಒಂದೇ ಕಣಕ್ಕೆ ಇಳಿಸುವುದು ಸರಿಯಲ್ಲ.

ಬಟನ್, ವಾಲಿಸುವುದು ಎರಡರ ಆಯ್ಕೆಯೂ ಇರಬೇಕೆನ್ನಲು ಇನ್ನೊಂದು ಕಾರಣವೂ ಇದೆ. ಒಂದು ಕೈ ಇಲ್ಲದವರಿಗೆ, ಬೆರಳುಗಳಲ್ಲಿ ಶಕ್ತಿ ಇಲ್ಲದವರಿಗೆ ಫೋನ್ ವಾಲಿಸುವುದು ಆಟದ ಬಾಗಿಲು ತೆರೆಯುತ್ತದೆ. ಕೈ ನಡುಗುವವರಿಗೆ ಅದೇ ಬಾಗಿಲು ಮುಚ್ಚುತ್ತದೆ, ಅವರಿಗೆ ಬಟನ್ ಬೇಕು. 2018ರಲ್ಲಿ ಮೈಕ್ರೊಸಾಫ್ಟ್ ಅಂಗವಿಕಲರಿಗಾಗಿ ದೊಡ್ಡ ದೊಡ್ಡ ಬಟನ್ನುಗಳ, ಬೇಕಾದ ಸ್ವಿಚ್ಚುಗಳನ್ನು ಜೋಡಿಸಿಕೊಳ್ಳಬಹುದಾದ ಕಂಟ್ರೋಲರ್ ತಂದಿತು. 2020ರ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ ಆಟದಲ್ಲಿ ಇಂಥ ಸೌಲಭ್ಯಗಳು 60ಕ್ಕೂ ಹೆಚ್ಚು. ಮಾಡಬೇಕೆಂಬ ಮನಸ್ಸಿದ್ದರೆ ಮಾಡಲು ಬರುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಆಟ ಕಟ್ಟುವ ಕೆಲಸ ನಮ್ಮ ರಾಜ್ಯಕ್ಕೂ ಹೊಸದಲ್ಲ: 1997ರಲ್ಲೇ ಧ್ರುವ ಇಂಟರ್ಯಾಕ್ಟಿವ್‌ನಂಥ ಗೇಮ್ ಕಂಪನಿ ಹುಟ್ಟಿದ್ದು ಬೆಂಗಳೂರಿನಲ್ಲಿ. ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದು ರಾಜ್ಯ ಸರ್ಕಾರ 2024ರಲ್ಲಿ ಹೊಸ ನೀತಿ ಪ್ರಕಟಿಸಿದೆ. ಆ ನೀತಿಯ ಬೆಂಬಲದಲ್ಲಿ ನಾಳೆ ಕನ್ನಡದಲ್ಲಿ ಆಟ ಕಟ್ಟುವವರು ಜೈರೊ ಇಲ್ಲದ ಅಗ್ಗದ ಫೋನಿನಲ್ಲಿ ಮೊದಲು ಆಡಿ ನೋಡಲಿ. ಅಲ್ಲಿ ಬಟನ್ನಿನಲ್ಲೇ ಪೂರ್ತಿ ಆಡಲು ಬಂದರೆ ಮಾತ್ರ ಬಿಡುಗಡೆ ಮಾಡಲಿ. ಊರಲ್ಲಿ ಟೂರ್ನಮೆಂಟ್ ಇಡುವ ಯುವಕ ಮಂಡಳಿಗಳು ಹೆಸರು ಬರೆದುಕೊಳ್ಳುವಾಗಲೇ ಫೋನಿನ ಮಾದರಿಯನ್ನೂ ಕೇಳಲಿ. ಎಲ್ಲರ ಬಳಿ ಜೈರೊ ಇಲ್ಲದಿದ್ದರೆ ಎಲ್ಲರೂ ಅದನ್ನು ಆಫ್ ಮಾಡಿ ಆಡಲಿ. ಮಕ್ಕಳಿಗೆ ಫೋನ್ ಕೊಡಿಸುವ ತಂದೆತಾಯಂದಿರು ಅಂಗಡಿಯಲ್ಲಿ ಹಣ ಎಣಿಸುವ ಮೊದಲು ಸೆನ್ಸರುಗಳ ಪಟ್ಟಿ ತೋರಿಸಿ ಎಂದು ಕೇಳಲಿ, ‘ವರ್ಚುವಲ್’ ಎಂಬ ಪದ ಇದೆಯೇ ಎಂದೂ ನೋಡಲಿ.