ಬೆಳ್ತಂಗಡಿಯ ಲೆಕ್ಕದಲ್ಲಿ ನಮ್ಮ ಓಟು

ನಮ್ಮ ಜಿಲ್ಲೆಯಲ್ಲಿ ಬಿಜೆಪಿ ಯಾವಾಗ ಬೇರು ಬಿಟ್ಟಿತು ಎಂದು ಕೇಳಿದರೆ ಹೆಚ್ಚಿನವರು ಹೇಳುವುದು 1991. ಆ ವರ್ಷ ಮಂಗಳೂರು ಲೋಕಸಭಾ ಕ್ಷೇತ್ರದಲ್ಲಿ ವಿ. ಧನಂಜಯ ಕುಮಾರ್ ಅವರು ಬಿ. ಜನಾರ್ದನ ಪೂಜಾರಿಯವರನ್ನು ಸೋಲಿಸಿದರು. ಆಮೇಲೆ ಆ ಸೀಟು ಬೇರೆ ಪಕ್ಷಕ್ಕೆ ಹೋಗಲೇ ಇಲ್ಲ. ಆದರೆ ಲಾಯಿಲದವರಾದ ನಮಗೆ, ಇಡೀ ಬೆಳ್ತಂಗಡಿ ತಾಲೂಕಿನವರಿಗೆ, ಈ ಕತೆ ಅದಕ್ಕಿಂತ ಎಂಟು ವರ್ಷ ಹಳೆಯದು.

1983ರ ವಿಧಾನಸಭಾ ಚುನಾವಣೆಯಲ್ಲಿ ಕೆ. ವಸಂತ ಬಂಗೇರರು ಇಲ್ಲಿ ಕಮಲದ ಗುರುತಿನಲ್ಲಿ ಗೆದ್ದರು. ಇಡೀ ರಾಜ್ಯದಲ್ಲಿ ಆ ಪಕ್ಷಕ್ಕೆ ಆಗ ಸಿಕ್ಕಿದ್ದು 18 ಸೀಟು. ಎರಡೇ ವರ್ಷದಲ್ಲಿ ಮತ್ತೆ ಚುನಾವಣೆ ಬಂತು, ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷದ ಗಾಳಿ ಬೀಸಿತು, 18 ಇದ್ದದ್ದು 2ಕ್ಕೆ ಇಳಿಯಿತು. ಆ ಎರಡರಲ್ಲಿ ಒಂದು ಶಿಕಾರಿಪುರದ ಯಡಿಯೂರಪ್ಪನವರದ್ದು, ಇನ್ನೊಂದು ನಮ್ಮ ಬೆಳ್ತಂಗಡಿಯದ್ದು. ಎರಡು ಸೀಟಿನ ಪಕ್ಷ ಎಂದು ನಕ್ಕವರು ಆಗ ಬಹಳ ಮಂದಿ ಇದ್ದರು.

ಬಂಗೇರರು ಅಲ್ಲಿಯೇ ಉಳಿಯಲಿಲ್ಲ ಎಂಬುದು ಬೇರೆ ವಿಷಯ. 1994ರಲ್ಲಿ ಜನತಾ ದಳದಿಂದ ಗೆದ್ದರು, 2008 ಮತ್ತು 2013ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು. ನಡುವೆ 1999 ಮತ್ತು 2004ರಲ್ಲಿ ಅವರ ತಮ್ಮ ಪ್ರಭಾಕರ ಬಂಗೇರರು ಬಿಜೆಪಿಯಿಂದ ಶಾಸಕರಾದರು. ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ, ಮತದಾರರು ಮಾತ್ರ ಅವರೇ! ಪಕ್ಷ ನೋಡಿ ಓಟು ಹಾಕುವವರು ಎಷ್ಟು, ಆಳು ನೋಡಿ ಹಾಕುವವರು ಎಷ್ಟು ಎಂದು ಈ ತಾಲೂಕಿನಲ್ಲಿ ಯಾರೂ ಸುಲಭಕ್ಕೆ ಹೇಳಲಾರರು. 2024ರ ಮೇ ತಿಂಗಳಲ್ಲಿ ಬಂಗೇರರು ತೀರಿಕೊಂಡಾಗ ದುಃಖಿಸಿದವರಲ್ಲಿ ಎಲ್ಲ ಪಕ್ಷದವರೂ ಇದ್ದರು.

ಈಗಿನ ಲೆಕ್ಕಕ್ಕೆ ಬರೋಣ. 2018ರಲ್ಲಿ ಬಿಜೆಪಿಯ ಹೊಸ ಮುಖ ಹರೀಶ್ ಪೂಂಜ ಅವರಿಗೆ 98,417 ಓಟು, ಬಂಗೇರರಿಗೆ 75,443. ಅಂತರ 22,974. 2023ರಲ್ಲಿ ಪೂಂಜರಿಗೆ 1,01,004, ಕಾಂಗ್ರೆಸ್ಸಿನ ರಕ್ಷಿತ್ ಶಿವರಾಂ ಅವರಿಗೆ 82,788. ಅಂತರ 18,216. ಗೆದ್ದವರ ಓಟು ಒಂದು ಲಕ್ಷ ದಾಟಿತು ಎಂಬುದನ್ನು ಎಲ್ಲರೂ ಗಮನಿಸಿದರು. ಗೆದ್ದವರಿಗೆ ಹೆಚ್ಚಿದ್ದು 2,587, ಸೋತ ಪಕ್ಷಕ್ಕೆ ಹೆಚ್ಚಿದ್ದು 7,345 ಎಂಬುದನ್ನು ಗಮನಿಸಿದವರು ಕಡಿಮೆ. ಇದರಿಂದ ಯಾರಿಗೂ ಸಮಾಧಾನ ಹೇಳಲು ನಾವು ಹೊರಟಿಲ್ಲ. ಹದಿನೆಂಟು ಸಾವಿರ ಸಣ್ಣ ಅಂತರವೇನೂ ಅಲ್ಲ.

ನಮ್ಮ ಪ್ರಶ್ನೆ ಇಷ್ಟೆ. ಎರಡು ಸೀಟಿನ ಪಕ್ಷ ಲಕ್ಷ ಓಟಿನವರೆಗೆ ಬಂದದ್ದು ಹೇಗೆ? ಬರೀ ಭಾಷಣದಿಂದ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಭಾಷಣ ಉಂಟು, ಅದರಿಂದ ನಮ್ಮ ಮನೆಗಳಿಗೆ ನೋವಾದದ್ದೂ ಉಂಟು. ಆದರೆ ಭಾಷಣ ಮುಗಿದ ಮೇಲೆ ಆ ಪಕ್ಷದ ಹುಡುಗರು ಏನು ಮಾಡುತ್ತಾರೆ ಎಂದು ನೋಡಬೇಕು. ಮದುವೆಗೂ ಹೋಗುತ್ತಾರೆ, ಬೊಜ್ಜಕ್ಕೂ ಹೋಗುತ್ತಾರೆ. ಹಾಲಿನ ಸೊಸೈಟಿ, ಯುವಕ ಮಂಡಲ, ಭಜನಾ ಮಂಡಳಿ ಎಲ್ಲದರಲ್ಲೂ ಇರುತ್ತಾರೆ. ಒಂದೊಂದು ಬೂತಿನ ಪಟ್ಟಿ ಹಿಡಿದು ಮನೆ ಮನೆ ಹತ್ತುತ್ತಾರೆ. ನಿನ್ನೆ ಬೇರೆ ಪಕ್ಷಕ್ಕೆ ಓಟು ಹಾಕಿದವನ ಅಂಗಳಕ್ಕೂ ಹೋಗುತ್ತಾರೆ. ಬಿಲ್ಲವ, ಗೌಡ, ಬಂಟ ಎಂದು ಹಂಚಿಹೋಗಿದ್ದ ಓಟು ಒಂದು ಕಡೆ ಸೇರಿದ್ದರಲ್ಲಿ ಈ ನಡಿಗೆಯ ಪಾಲು ದೊಡ್ಡದು.

ನಮ್ಮ ಅಂಗಳಕ್ಕೆ ಮಾತ್ರ ಅವರು ಬರುವುದಿಲ್ಲ. ಬಂದರೂ ಓಟು ಸಿಗಲಿಕ್ಕಿಲ್ಲ ಎಂಬುದು ಅವರ ಲೆಕ್ಕ. ಇನ್ನೊಂದು ಪಕ್ಷದವರೂ ಬರುವುದು ಅಪರೂಪ, ಯಾಕೆಂದರೆ ಬಾರದಿದ್ದರೂ ಸಿಗುತ್ತದೆ ಎಂಬುದು ಅವರ ಲೆಕ್ಕ. ಹೀಗೆ ಎರಡೂ ಕಡೆಯ ಪುಸ್ತಕದಲ್ಲಿ ಬ್ಯಾರಿಗಳ ಓಟು ಚುನಾವಣೆಗೆ ಮೊದಲೇ ಬರೆದು ಮುಗಿದಿರುತ್ತದೆ. ಎಣಿಸಿ ಮುಗಿದ ಓಟಿಗೆ ಕಾಲುಸಂಕವನ್ನು ಯಾರು ಕಟ್ಟಿಕೊಡುತ್ತಾರೆ?

ಇದರಲ್ಲಿ ನಮ್ಮ ಪಾಲೂ ಉಂಟು. ಜಮಾಅತಿನ ಹೆಸರಿನಲ್ಲಿ ನಾಲ್ಕು ಮಂದಿ ಕೂತು, ನಮ್ಮ ಊರಿನದ್ದು ಇಡಿಯಾಗಿ ನಿಮಗೇ ಎಂದು ಮಾತು ಕೊಡುವ ಅಭ್ಯಾಸ ನಿಲ್ಲಬೇಕು. ಉಸ್ತಾದರನ್ನೂ ಮಿಂಬರನ್ನೂ ಇದಕ್ಕೆ ಎಳೆಯುವುದು ನಿಲ್ಲಬೇಕು. ಅಭ್ಯರ್ಥಿ ಯಾರೇ ಇರಲಿ, ಊರಿಗೆ ಕರೆದು ಎದುರು ಕೂರಿಸಿ ರಸ್ತೆ, ನೀರು, ಹಾಸ್ಟೆಲ್ ಸೀಟು, ಮಳೆಗಾಲದ ಬಸ್ಸು ಕೇಳುವ ಧೈರ್ಯ ಬೇಕು. ಆ ಸಭೆಯಲ್ಲಿ ಉಮ್ಮಂದಿರೂ ಕೂರಲಿ, ನೀರಿನ ಕಷ್ಟ ಗೊತ್ತಿರುವುದು ಅವರಿಗೇ. ಗೆದ್ದವರ ಬಳಿಯೂ ಅರ್ಜಿ ಹಿಡಿದು ಹೋಗಬೇಕು. ಶಾಸಕರು ಓಟು ಹಾಕದವರಿಗೂ ಶಾಸಕರೇ.

ಇನ್ನು ಬರುವುದು ಗ್ರಾಮ ಪಂಚಾಯತ್ ಚುನಾವಣೆ. ಅಲ್ಲಿ ಪಕ್ಷದ ಚಿಹ್ನೆ ಇಲ್ಲ. ವಾರ್ಡಿನಲ್ಲಿ ಹತ್ತು ಓಟು ಆಚೀಚೆಯಾದರೂ ಫಲಿತಾಂಶ ಬದಲಾಗುತ್ತದೆ. ಅದಕ್ಕೆ ಮೊದಲು ಪ್ರತಿ ಮನೆಯಲ್ಲೂ ಮತದಾರರ ಪಟ್ಟಿ ನೋಡುವ ಕೆಲಸ ಆಗಲಿ. ಮದುವೆಯಾಗಿ ಬಂದ ಹೆಣ್ಣುಮಕ್ಕಳ ಹೆಸರು ಎಷ್ಟೋ ಕಡೆ ಇನ್ನೂ ತವರಿನ ಪಟ್ಟಿಯಲ್ಲೇ ಇರುತ್ತದೆ. ಅದನ್ನು ಬದಲಾಯಿಸಲು ನಮೂನೆ 8 ಕೊಟ್ಟರೆ ಸಾಕು. ಗಲ್ಫಿನಲ್ಲಿರುವ ಮಕ್ಕಳು ನಮೂನೆ 6ಎ ತುಂಬಿ ಹೆಸರು ಸೇರಿಸಬಹುದು, ಆದರೆ ಓಟು ಹಾಕಲು ಊರಿಗೆ ಬಂದೇ ಆಗಬೇಕು. ಹದಿನೆಂಟು ತುಂಬಿದವರಿಗೆ ನಮೂನೆ 6. ಬೂತಿನ ಬಿಎಲ್‌ಒ ಯಾರೆಂದು ಗೊತ್ತಿಲ್ಲದಿದ್ದರೆ ಪಂಚಾಯತ್ ಕಚೇರಿಯಲ್ಲಿ ವಿಚಾರಿಸಿ.