ವಾಕ್ಯ ಮುಗಿಯುವವರೆಗೆ

2011ರಲ್ಲಿ ಶ್ರೇಷ್ಠ ಚಿತ್ರವೂ ಸೇರಿದಂತೆ ನಾಲ್ಕು ಆಸ್ಕರ್ ಪ್ರಶಸ್ತಿ ಗಳಿಸಿದ ‘ದಿ ಕಿಂಗ್ಸ್ ಸ್ಪೀಚ್’ ಚಿತ್ರದಲ್ಲಿ, ಮುಂದೆ ಆರನೆಯ ಜಾರ್ಜ್ ದೊರೆಯಾಗಲಿರುವ ರಾಜಕುಮಾರನ ಉಗ್ಗು ಬಿಡಿಸಲು ವೈದ್ಯನೊಬ್ಬ ಆತನ ಬಾಯಿಗೆ ಗೋಲಿಗಳನ್ನು ತುಂಬಿಸುತ್ತಾನೆ. ಚಿತ್ರಮಂದಿರದಲ್ಲಿ ಎಲ್ಲರೂ ನಕ್ಕರು. ನನಗೆ ನೆನಪಾದದ್ದು ಕಂದಿಕೆರೆಯ ನಮ್ಮ ಮನೆಯಲ್ಲಿ ತೇಯ್ದು ನಾಲಿಗೆಗೆ ಹಚ್ಚುತ್ತಿದ್ದ ಬಜೆ ಬೇರಿನ ಘಾಟು. ಅರಮನೆಗೂ ತೆಂಗಿನ ತೋಟದ ಮನೆಗೂ ಚಿಕಿತ್ಸೆಯ ಮಟ್ಟಿಗೆ ಅಂತಹ ಅಂತರವೇನೂ ಇರಲಿಲ್ಲ.

ಕನ್ನಡದಲ್ಲಿ ಮಗುವಿನ ‘ತೊದಲು’ ಮುದ್ದು; ಬೆಳೆದವನ ‘ಉಗ್ಗು’ ಅಡ್ಡಹೆಸರು. ನನಗೆ ಕಠಿಣವಾಗಿದ್ದುದು ಕಕಾರ. ಊರಿನ ಹೆಸರೇ ಅದರಿಂದ ಆರಂಭ! ಚಿಕ್ಕನಾಯಕನಹಳ್ಳಿಯಲ್ಲಿ ಬಸ್ ಹತ್ತಿದರೆ, ಕಂಡಕ್ಟರನ ಮುಂದೆ ‘ಕ’ದಲ್ಲೇ ಸಿಲುಕುವ ಬದಲು ಮುಂದಿನ ಊರಿಗೆ ಟಿಕೆಟ್ ಕೊಂಡು ನಮ್ಮೂರಿನಲ್ಲಿ ಇಳಿದುಬಿಡುತ್ತಿದ್ದೆ. ಕೊಬ್ಬರಿ ಮಾರಿದ ಹಣದಲ್ಲಿ ಪೈಸೆ ಪೈಸೆಗೂ ಲೆಕ್ಕ ಕೇಳುತ್ತಿದ್ದ ಅಪ್ಪನಿಗೆ ಈ ಹೆಚ್ಚುವರಿ ವೆಚ್ಚವನ್ನು ವಿವರಿಸುವುದಾದರೂ ಹೇಗೆ? ಮುಂದೆ ಅರ್ಥಶಾಸ್ತ್ರ ಓದಿದಾಗಲೂ ಅದಕ್ಕೆ ಸೂಕ್ತ ಶೀರ್ಷಿಕೆ ಸಿಗಲಿಲ್ಲ.

ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಲ್ಲೇ ಸ್ಥಾಪನೆಯಾಗಿದ್ದರೂ ನಮ್ಮ ಮನೆಗೆ ಆ ಸುದ್ದಿ ತಲುಪಿರಲಿಲ್ಲ. ನನಗೆ ದೊರೆತದ್ದು ಅಜ್ಜಿ. ಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತ ಕುಳಿತ ಆಕೆ, ನಾನು ಎಷ್ಟೇ ತಡವರಿಸಿದರೂ ನನ್ನ ಬಾಯಿಂದ ಮಾತು ಕಿತ್ತುಕೊಳ್ಳುತ್ತಿರಲಿಲ್ಲ.

ಚಿತ್ರದ ಹಿರಿಮೆಯೂ ಅಲ್ಲಿಯೇ ಇದೆ. ಆಸ್ಟ್ರೇಲಿಯಾದ ಲಯನೆಲ್ ಲೋಗ್ ದೊರೆಯ ಉಗ್ಗನ್ನು ಪೂರ್ತಿ ಗುಣಪಡಿಸಲಿಲ್ಲ. 1939ರ ಸೆಪ್ಟೆಂಬರ್ 3ರ ಯುದ್ಧಕಾಲದ ಭಾಷಣವನ್ನು ದೊರೆ ನಿಧಾನವಾಗಿ, ತಡೆತಡೆದೇ ಮುಗಿಸಿದರು. ಚಿತ್ರಕಥೆ ಬರೆದ ಡೇವಿಡ್ ಸೈಡ್ಲರ್ ಸ್ವತಃ ಬಾಲ್ಯದಲ್ಲಿ ಉಗ್ಗುತ್ತಿದ್ದವರು. ತಾನು ಬದುಕಿರುವಾಗ ಬೇಡವೆಂದು ದೊರೆಯ ಪತ್ನಿ ಕೋರಿದ್ದರಿಂದ, 2002ರಲ್ಲಿ ಆಕೆ ತೀರಿಕೊಳ್ಳುವವರೆಗೂ ಕಾದರು. ಉಗ್ಗುವ ಪಾತ್ರವನ್ನು ಹಾಸ್ಯಕ್ಕೆಂದೇ ಮೀಸಲಿಟ್ಟ ನಮ್ಮ ಚಿತ್ರರಂಗಕ್ಕೆ ಇಂತಹ ತಾಳ್ಮೆ ಎಂದು ಬಂದೀತೋ.

ಕಾನೂನೂ ಇಲ್ಲಿ ಮೌನಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ‘ವಾಕ್ ಮತ್ತು ಭಾಷಾ ವೈಕಲ್ಯ’ವನ್ನು ಗುರುತಿಸುತ್ತದೆ. ಆದರೆ ಅಲ್ಲಿ ಕೊಟ್ಟಿರುವ ಉದಾಹರಣೆಗಳು ಧ್ವನಿಪೆಟ್ಟಿಗೆ ತೆಗೆದುಹಾಕಿದ ಸ್ಥಿತಿ, ಮಿದುಳಿನ ಹಾನಿಯಿಂದ ಮಾತು ಕುಂದಿದ ಸ್ಥಿತಿ, ಉಗ್ಗಿನ ಹೆಸರಿಲ್ಲ. ಕೇಂದ್ರ ನಾಗರಿಕ ಸೇವಾ ಪರೀಕ್ಷೆಯ 2025 ಅಂಕಗಳಲ್ಲಿ 275 ಅಂಕ ಸಂದರ್ಶನಕ್ಕೆ ಮೀಸಲು. ನಾನು ಮೀಸಲಾತಿ ಕೇಳುತ್ತಿಲ್ಲ. ಉಗ್ಗುವ ಅಭ್ಯರ್ಥಿ ಅದನ್ನು ಮೊದಲೇ ತಿಳಿಸಿದರೆ ಸಂದರ್ಶನದಲ್ಲಿ ಹತ್ತು ನಿಮಿಷ ಹೆಚ್ಚಿಗೆ ಕೊಡಲು ಒಂದು ಸುತ್ತೋಲೆ ಸಾಕು.

ಇದನ್ನು ಹೇಳಲು ನನಗೆ ಪೂರ್ಣ ಹಕ್ಕಿಲ್ಲ. ಸೇವೆಯಲ್ಲಿದ್ದಾಗ ಆಯ್ಕೆ ಸಮಿತಿಯೊಂದರಲ್ಲಿ ಕುಳಿತಿದ್ದೆ. ತರುಣನೊಬ್ಬ ಒಂದು ಪದದಲ್ಲಿ ಸಿಲುಕಿಕೊಂಡ. ಹೊರಗೆ ಇನ್ನೂ ಹಲವರು ಕಾಯುತ್ತಿದ್ದರು. ಅವನ ವಾಕ್ಯವನ್ನು ನಾನೇ ಪೂರ್ಣಗೊಳಿಸಿದೆ. ಅವನು ಹೇಳಹೊರಟ ಪದ ಅದಾಗಿರಲಿಲ್ಲವೆಂದು ಆ ಮುಖ ನೋಡಿದೊಡನೆ ತಿಳಿಯಿತು. ಆದರೂ ತಲೆಯಾಡಿಸಿ ‘ಹೌದು ಸಾರ್’ ಎಂದ.